ಆದರ್ಶ ಮನೆರೈತ ಚಿಕ್ಕಬೈರಪ್ಪನವರು ಕಳೆ ಕಿತ್ತದ್ದು

ಜರಗನಹಳ್ಳಿಯ ಚಿಕ್ಕಬೈರಪ್ಪನವರಿಗೆ ಐವತ್ತೆಂಟು ವರ್ಷ. ನಾಲ್ಕು ಮಹಡಿಯ ಮನೆ, ಏಳು ಬಾಡಿಗೆ ಸಂಸಾರ, ಒಂದು ಸ್ಕೂಟರು, ಸ್ವಲ್ಪ ಸಕ್ಕರೆ ಕಾಯಿಲೆ. ಇಷ್ಟೆಲ್ಲ ಇರುವ ಮನುಷ್ಯ ಸುಮ್ಮನೆ ಇದ್ದುಬಿಡಬಹುದಿತ್ತು. ಆದರೆ ಜೂನ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಬಡಾವಣೆಯ ಪಾರ್ಕಿನಲ್ಲಿ ಬಸವಪ್ರಸಾದ್ ಆಡಿದ ಒಂದು ಮಾತು ಅವರನ್ನು ಸುಮ್ಮನಿರಲು ಬಿಡಲಿಲ್ಲ.

ಬಸವಪ್ರಸಾದ್ ದಾವಣಗೆರೆ ಕಡೆಯಿಂದ ಬಂದು ಟೈಲ್ಸ್ ಅಂಗಡಿ ಇಟ್ಟವರು; ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿ. ಆ ದಿನ ಬೆಂಚಿನ ಮೇಲೆ ಕೂತಿದ್ದ ನಾಲ್ಕು ಜನರೆದುರು ಚಿಕ್ಕಬೈರಪ್ಪನವರು ಎಂದಿನಂತೆ, "ಈ ಪಾರ್ಕ್ ಇದೆಯಲ್ಲ, ಇದು ನಮ್ಮಪ್ಪನ ರಾಗಿ ಹೊಲ. ನೀವು ಕೂತಿದೀರಲ್ಲ, ಅಲ್ಲೇ ಬಣವೆ ಇತ್ತು" ಎಂದು ಶುರುಮಾಡಿದ್ದರು. ವಾರಕ್ಕೆ ಮೂರು ಸಲ ಶುರುಮಾಡುತ್ತಿದ್ದರು. ಬೆಂಚು ಬದಲಾದರೆ ಬಣವೆಯೂ ಅದರ ಜೊತೆಗೆ ಬದಲಾಗುತ್ತಿತ್ತು.

"ನಿಮ್ಮಪ್ಪ ರೈತರು, ಒಪ್ಕೊಂಡೆ," ಎಂದರು ಬಸವಪ್ರಸಾದ್. "ನಿಮ್ಮ ಹೊಲದಲ್ಲಿ ಈಗ ಬೆಳೆಯೋದು ಬಾಡಿಗೆ ಒಂದೇ ಅಲ್ವಾ?"

ನಾಲ್ಕು ಜನರೂ ನಕ್ಕರು. ಪಕ್ಕದಲ್ಲಿ ಪ್ರಾಣಾಯಾಮ ಮಾಡುತ್ತಿದ್ದ ಅಪರಿಚಿತರೊಬ್ಬರು ಮೂಗಿನಿಂದ ಬೆರಳು ತೆಗೆದು ನಕ್ಕು, ಮತ್ತೆ ಬೆರಳು ಇಟ್ಟುಕೊಂಡರು. ಚಿಕ್ಕಬೈರಪ್ಪನವರ ಮುಖ ಕೆಂಪಾಯಿತು. ಮಾತು ಸುಳ್ಳಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಅಪ್ಪ ಹೊಲ ಮಾರಿದಾಗ ಅವರಿನ್ನೂ ಹುಡುಗ. ಬೇಸಾಯಕ್ಕೂ ಅವರಿಗೂ ಇದ್ದ ಸಂಬಂಧವೆಂದರೆ ಹೊಲಕ್ಕೆ ಬುತ್ತಿ ಹೊತ್ತುಕೊಂಡು ಹೋಗುವುದು, ದಾರಿಯಲ್ಲಿ ಅರ್ಧ ತಿಂದುಬಿಡುವುದು.

"ಬರೋ ನವೆಂಬರ್ ಒಂದನೇ ತಾರೀಕಿಗೆ ನಮ್ಮ ಮನೆ ಪಕ್ಕದಲ್ಲಿ ರಾಗಿ ತೆನೆ ತೋರಿಸ್ತೀನಿ," ಎಂದು ಹೇಳಿ ಎದ್ದುಬಂದರು. ಈ ಹಟ ಹಿಡಿಯುವ ಮೊದಲು ರಾಗಿಯನ್ನು ಯಾವಾಗ ಬಿತ್ತಬೇಕು ಎಂದು ಯಾರನ್ನಾದರೂ ಕೇಳಬಹುದಿತ್ತು. ಕೇಳಬೇಕಾದವರು ತಾಯಿ ಅಕ್ಕಯಮ್ಮ. ಎಂಬತ್ತನಾಲ್ಕು ವರ್ಷದ ಆ ಹೆಂಗಸು ಕಣ್ಣಿನ ಪೊರೆ ತೆಗೆಸಿಕೊಳ್ಳಲೆಂದು ಮಗಳ ಮನೆಗೆ, ಅಂಜನಾಪುರಕ್ಕೆ ಹೋಗಿದ್ದರು. ಒಂದು ಕಣ್ಣು ಈಗ, ಇನ್ನೊಂದು ಕಣ್ಣು ಎರಡು ತಿಂಗಳು ಬಿಟ್ಟು ಎಂದು ಡಾಕ್ಟರು ಹೇಳಿದ್ದರಿಂದ ಅಲ್ಲೇ ಉಳಿದಿದ್ದರು. ಫೋನ್ ಮಾಡಿ ಕೇಳುವುದು ಚಿಕ್ಕಬೈರಪ್ಪನವರಿಗೆ ಅವಮಾನವೆನಿಸಿತು. ರೈತನ ಮಗ ಯಾರನ್ನೂ ಕೇಳುವುದಿಲ್ಲ ಎಂಬುದು ಅವರ ಹೊಸ ಸಿದ್ಧಾಂತ.

ಮನೆಯ ಪಕ್ಕದಲ್ಲಿ ಹದಿನೈದು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಮೂಲೆ ಜಾಗವಿತ್ತು. ಹಿಂದಿನ ಬಾಡಿಗೆಯವರು ಬಿಟ್ಟುಹೋದ ಕಮೋಡು, ಎರಡು ಹಾಸಿಗೆ, ಉಳಿದ ಜಲ್ಲಿ ಎಲ್ಲವನ್ನೂ ಎತ್ತಿಸಿ ಮಣ್ಣು ಅಗೆಸಿದರು. ಗಾಂಧಿಬಜಾರಿಗೆ ಹೋಗಿ ಹಸಿರು ಟವಲು ತಂದರು. ಟವಲು ಸಿಕ್ಕಿತು, ಬಿತ್ತನೆ ರಾಗಿ ಮಾತ್ರ ಎಲ್ಲೂ ಸಿಗಲಿಲ್ಲ. ಕೊನೆಗೆ ಹೆಂಡತಿ ಅಣ್ಣಮ್ಮನವರು ಮಾಲ್ಟ್ ಮಾಡಲು ತಂದಿಟ್ಟಿದ್ದ ಒಂದು ಕೇಜಿ ರಾಗಿಯನ್ನೇ ಡಬ್ಬದಿಂದ ಸುರಿದುಕೊಂಡರು.

"ಅಷ್ಟೂ ಬೇಕೇನ್ರೀ?" ಎಂದರು ಅಣ್ಣಮ್ಮ. ಮೆಜೆಸ್ಟಿಕ್ ಹತ್ತಿರ ಹುಟ್ಟಿ ಬೆಳೆದ ಆಕೆಗೆ ರಾಗಿ ಎಂದರೆ ಗಿರಣಿಯಿಂದ ಬರುವ ವಸ್ತು. ಆದರೂ ಒಂದು ಕೋಣೆಯಷ್ಟು ಜಾಗಕ್ಕೆ ಒಂದು ಕೇಜಿ ಜಾಸ್ತಿಯಾಯಿತೆಂದು ಆಕೆಗೂ ಅನ್ನಿಸಿತು.

"ಕೈ ಬಿಗಿ ಹಿಡಿದ್ರೆ ಭೂಮಿತಾಯಿ ಒಲಿಯಲ್ಲ ಕಣೆ," ಎಂದು ಚಿಕ್ಕಬೈರಪ್ಪನವರು ಅಷ್ಟನ್ನೂ ಮದುವೆಯಲ್ಲಿ ಅಕ್ಷತೆ ಹಾಕುವಂತೆ ಎರಚಿಬಿಟ್ಟರು.

ಭೂಮಿತಾಯಿಯೇನೋ ಒಲಿದಳು. ಜುಲೈ ಮಳೆಗೆ ಇಡೀ ಜಾಗ ಹಸಿರು ಜಮಖಾನೆ ಹಾಸಿದಂತಾಯಿತು. ನಡುನಡುವೆ ಅಲ್ಲೊಂದು ಇಲ್ಲೊಂದು ದಪ್ಪ ಬುಡದ, ಚೆನ್ನಾಗಿ ಹರಡಿಕೊಂಡ ಪೈರುಗಳೂ ಎದ್ದವು. ಎರಡೂ ನೋಡಲು ಅಕ್ಕತಂಗಿಯರ ಹಾಗಿದ್ದವು. ಇವುಗಳಲ್ಲಿ ಬೆಳೆ ಯಾವುದು, ಕಳೆ ಯಾವುದು? ಚಿಕ್ಕಬೈರಪ್ಪನವರು ಬಾಗಿಲು ಹಾಕಿಕೊಂಡು ಮೊಬೈಲಿನಲ್ಲಿ ಕಳೆ ನಿಯಂತ್ರಣದ ವಿಡಿಯೋ ನೋಡಿದರು. ಅದರಲ್ಲಿ ಯಾರೋ ಒಬ್ಬರು, "ಬೆಳೆ ಯಾವಾಗಲೂ ಅಂತರ ಬಿಟ್ಟು, ದಷ್ಟಪುಷ್ಟವಾಗಿ ಇರುತ್ತದೆ. ಕಳೆ ಗುಂಪು ಗುಂಪಾಗಿ, ಒತ್ತೊತ್ತಾಗಿ ಬರುತ್ತದೆ" ಎಂದರು. ಮುಂದೆ ಇನ್ನೂ ಏನೋ ಹೇಳುವುದಿತ್ತು. ಅಷ್ಟರಲ್ಲಿ ಜಾಹೀರಾತು ಬಂತು, ಚಿಕ್ಕಬೈರಪ್ಪನವರು ಫೋನು ಮಡಗಿ ಎದ್ದರು. ಗೊತ್ತಾಗಬೇಕಾದದ್ದು ಗೊತ್ತಾಗಿತ್ತು.

ಒಂಬತ್ತು ದಿನ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಹಸಿರು ಟವಲು ಹೆಗಲಿಗೆ ಹಾಕಿಕೊಂಡು, ಒಂದು ಕೇಜಿ ರಾಗಿಯಿಂದ ಹುಟ್ಟಿದ ಅಷ್ಟೂ ಪೈರನ್ನು ಬುಡಸಮೇತ ಕಿತ್ತು ಹಾಕಿದರು. ಕಳೆಯನ್ನು ಮಾತ್ರ ಕಣ್ಣಿನ ರೆಪ್ಪೆಯಂತೆ ಕಾಪಾಡಿ, ಬುಡಕ್ಕೆ ಮಣ್ಣು ಏರಿಸಿ, ಗೊಬ್ಬರ ಹಾಕಿದರು. ಇಷ್ಟು ಶ್ರದ್ಧೆಯಿಂದ ಜರಗನಹಳ್ಳಿಯಲ್ಲಿ ಯಾರೂ ಯಾವತ್ತೂ ಕಳೆ ಕಿತ್ತಿರಲಾರರು.

ಎರಡನೇ ಮಹಡಿಯ ಬಾಡಿಗೆಯ ಹುಡುಗಿ ಶ್ರೀದೇವಿ ಇದನ್ನು ಬಾಲ್ಕನಿಯಿಂದ ನೋಡಿ ಫೋನು ಹಿಡಿದು ಕೆಳಗಿಳಿದು ಬಂದಳು. ಅವಳಿಗೆ ರೀಲ್ಸ್ ಮಾಡುವ ಹುಚ್ಚು.

"ಅಂಕಲ್, ಎರಡೂ ಸೇಮ್ ಇದೆಯಲ್ಲ. ಯಾವ್ದು ಕಳೆ ಅಂತ ಹೇಗೆ ಗೊತ್ತಾಗುತ್ತೆ?"

ಚಿಕ್ಕಬೈರಪ್ಪನವರು ಒಂದು ಎಳೆ ರಾಗಿ ಪೈರನ್ನು ಕಿತ್ತು, ಬೇರಿನ ಮಣ್ಣು ಕೊಡವಿ, ದೂರಕ್ಕೆ ನೋಡುತ್ತ, "ಅದು ಹೇಳಿಕೊಟ್ರೆ ಬರಲ್ಲಮ್ಮ. ರಕ್ತದಲ್ಲಿ ಬರ್ಬೇಕು," ಎಂದರು.

"ಸಖತ್ ಅಂಕಲ್. ಇನ್ನೊಂದ್ ಸಲ ಹೇಳಿ, ಆಟೋ ಹೋಯ್ತು."

ಆಟೋ ಹೋದ ಮೇಲೆ ಇನ್ನೊಂದು ಸಲ ಹೇಳಿದರು. ಆ ವಿಡಿಯೋ ಸಂಜೆಯೊಳಗೆ ಸಂಘದ ವಾಟ್ಸಾಪ್ ಗುಂಪಿಗೆ ಬಂತು. ನಲವತ್ತೆರಡು ಜನ ಕೈಮುಗಿದರು. ಬಸವಪ್ರಸಾದ್ ಕೂಡ ಕೈಮುಗಿಯುವ ಚಿತ್ರ ಹಾಕಿ, "ಈ ಭಾನುವಾರ ಚಿಕ್ಕಬೈರಪ್ಪ ಸಾರ್ ಅವರಿಂದ ಮನೆತೋಟದಲ್ಲಿ ಕಳೆ ನಿಯಂತ್ರಣದ ಪ್ರಾತ್ಯಕ್ಷಿಕೆ. ಎಲ್ಲರೂ ಬನ್ನಿ" ಎಂದು ಬರೆದರು. ಬಾಡಿಗೆ ಎಂದು ನಕ್ಕಿದ್ದ ಬಾಯಲ್ಲೇ ಸಾರ್ ಬಂತು ನೋಡಿ. ಚಿಕ್ಕಬೈರಪ್ಪನವರು ಆ ಸಂದೇಶವನ್ನು ಅಣ್ಣಮ್ಮನವರಿಗೆ ಮೂರು ಸಲ ಓದಿ ಹೇಳಿದರು.

ಭಾನುವಾರ ಮೂವತ್ತು ಜನ ಬಂದರು. ಹೆಂಗಸರು ಕೈಗವಸು ಹಾಕಿಕೊಂಡು, ಗಂಡಸರು ಕೈ ಕಟ್ಟಿಕೊಂಡು ನಿಂತರು. "ಒಂದೇ ಸೂತ್ರ ನೆನಪಿಟ್ಕೊಳಿ," ಎಂದರು ಚಿಕ್ಕಬೈರಪ್ಪನವರು. "ಗುಂಪಾಗಿ ಬಂದದ್ದು ಕಳೆ. ಒಂಟಿಯಾಗಿ ನಿಂತದ್ದು ಬೆಳೆ." ಜನ ತಲೆದೂಗಿ ಬರೆದುಕೊಂಡರು. ಆ ಸಂಜೆ ಬಡಾವಣೆಯ ಕುಂಡಗಳಲ್ಲಿದ್ದ ಕೊತ್ತಂಬರಿ, ಮೆಂತ್ಯ, ದಂಟಿನ ಸೊಪ್ಪು ಎಲ್ಲವೂ ನಿರ್ನಾಮವಾದವು. ಎಲ್ಲ ಗುಂಪಾಗಿ ಬಂದಿದ್ದವಲ್ಲ. ಮರುದಿನ ಬಸವಪ್ರಸಾದರ ಮನೆಯಲ್ಲಿ ಕೊತ್ತಂಬರಿಯಿಲ್ಲದ ಸಾರು. ಆದರೆ ಅವರ ಹೆಂಡತಿ ಗುರುವನ್ನು ಅನುಮಾನಿಸಲಿಲ್ಲ, ಬೀಜದ ಅಂಗಡಿಯವನು ಕೊತ್ತಂಬರಿ ಎಂದು ಹೇಳಿ ಕಳೆ ಕೊಟ್ಟುಬಿಟ್ಟಿದ್ದಾನೆಂದು ಅವನ ಜೊತೆ ಜಗಳವಾಡಿ ಬಂದರು.

ಸೆಪ್ಟೆಂಬರ್ ಹೊತ್ತಿಗೆ ತೆನೆ ಬಂತು. ಸಣಕಲು ಬೆರಳುಗಳಂತೆ ನಾಲ್ಕೈದು ಕವಲು, ಕಾಳಿಗಿಂತ ಹೊಟ್ಟು ಹೆಚ್ಚು. ಅಣ್ಣಮ್ಮ ಒಂದು ತೆನೆಯನ್ನು ಮುಟ್ಟಿ ನೋಡಿ, "ಇದ್ರಲ್ಲಿ ರಾಗಿ ಎಲ್ಲಿದೆ ರೀ?" ಎಂದರು.

"ಕಾಳು ಒಳಗಿರುತ್ತೆ. ಬೆಳೀಬೇಕು."

"ನಮ್ಮನೆ ಡಬ್ಬದಲ್ಲಿದ್ದ ರಾಗಿ ಇದಕ್ಕಿಂತ ದಪ್ಪ ಇತ್ತು."

ಆಕೆಯ ಮಾತಿಗೆ ಉತ್ತರ ಹುಡುಕುವ ಕಷ್ಟ ಚಿಕ್ಕಬೈರಪ್ಪನವರಿಗೆ ಬರಲಿಲ್ಲ. ಮಾರನೆಯ ದಿನವೇ, ಸಂಘ ರಾಜ್ಯೋತ್ಸವಕ್ಕೆಂದು ಏರ್ಪಡಿಸಿದ್ದ ಮನೆತೋಟ ಸ್ಪರ್ಧೆಯ ತೀರ್ಪುಗಾರರಾಗಿ ಸಿದ್ದಲಿಂಗಯ್ಯನವರು ಬಂದರು. ಸಿದ್ದಲಿಂಗಯ್ಯನವರು ಚಿಕ್ಕಲಸಂದ್ರದಲ್ಲಿರುವ ನಿವೃತ್ತ ಕೃಷಿ ಅಧಿಕಾರಿ. ಮೂವತ್ತನಾಲ್ಕು ವರ್ಷದ ಸರ್ವಿಸ್‌ನಲ್ಲಿ ಮೂವತ್ತೊಂದು ವರ್ಷ ನೌಕರರ ವರ್ಗಾವಣೆ ಮತ್ತು ರಜೆಯ ಕಡತಗಳನ್ನು ನೋಡಿಕೊಂಡವರು. ಗದ್ದೆಗೆ ಇಳಿದದ್ದು ಎರಡು ಸಲ, ಎರಡು ಸಲವೂ ಮಂತ್ರಿಗಳ ಹಿಂದೆ.

ಅವರು ತೆನೆಯ ಮುಂದೆ ಬಹಳ ಹೊತ್ತು ನಿಂತರು. ಅದು ತಾವು ನೋಡಿದ ರಾಗಿಯ ಹಾಗೆ ಇಲ್ಲವೆಂದು ಅವರಿಗೂ ಅನ್ನಿಸಿತು. ಹಾಗೆಂದು ಬಾಯಿಬಿಟ್ಟರೆ, ಹಾಗಾದರೆ ಇದೇನು ಎಂದು ಜನ ಕೇಳುತ್ತಾರೆ. ಅದಕ್ಕೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಅಪರೂಪದ್ದು ಎಂದುಬಿಡುವುದು ಸರ್ಕಾರಿ ಕೆಲಸದಲ್ಲಿ ಕಲಿತ ಜಾಣತನ.

"ಇದು ಈಗಿನ ತಳಿ ಅಲ್ಲ," ಎಂದರು ಗಂಭೀರವಾಗಿ. "ಎಲ್ಲಿ ಸಿಕ್ತು ಬೀಜ?"

ಸುತ್ತ ಹತ್ತು ಜನ ನಿಂತಿದ್ದರು, ಶ್ರೀದೇವಿಯ ಫೋನು ಎದುರಿಗಿತ್ತು. ಅಡುಗೆಮನೆ ಡಬ್ಬ ಎಂದು ಹೇಳುವ ಜಾಗ ಅದಲ್ಲ. "ನಮ್ಮಜ್ಜನ ಕಾಲದ್ದು ಸಾರ್," ಎಂದರು ಚಿಕ್ಕಬೈರಪ್ಪನವರು. "ಮಡಕೇಲಿ ಇಟ್ಟು ಬೂದಿ ಹಾಕಿ ಕಾಪಾಡ್ಕೊಂಡು ಬಂದಿದೀವಿ."

ಬಾಗಿಲಲ್ಲಿ ನಿಂತಿದ್ದ ಅಣ್ಣಮ್ಮ ಒಳಗೆ ಹೋಗಿಬಿಟ್ಟರು.

ತೀರ್ಪಿನ ಅಗತ್ಯವೇ ಉಳಿಯಲಿಲ್ಲ. "ಅಳಿವಿನಂಚಿನ ಜರಗನಹಳ್ಳಿ ನಾಟಿ ರಾಗಿ" ಎಂದು ಸಿದ್ದಲಿಂಗಯ್ಯನವರೇ ಹೆಸರಿಟ್ಟರು. ಬಡಾವಣೆಯ ಜನ ಬೀಜಕ್ಕೆ ಸಾಲು ನಿಂತರು. ಚಿಕ್ಕಬೈರಪ್ಪನವರು ಮನೆಮನೆಗೆ ಒಂದೊಂದು ತೆನೆ, ಅರಿಶಿನ ಕುಂಕುಮ ಹಚ್ಚಿ ಕೊಟ್ಟರು. ಕೊತ್ತಂಬರಿ ಕಿತ್ತು ಖಾಲಿಯಾಗಿದ್ದ ಕುಂಡಗಳಿಗೆಲ್ಲ ಆ ಬೀಜ ಬಿತ್ತು. ಪಾರ್ಕಿನ ಅಂಚಿಗೂ ಬಸವಪ್ರಸಾದ್ ಸ್ವತಃ ಎರಚಿದರು. ಅವರು ಜೋಳದ ಸೀಮೆಯವರು, ಅವರನ್ನು ದೂರುವಂತಿಲ್ಲ.

ನವೆಂಬರ್ ಒಂದರಂದು ಪಾರ್ಕಿನಲ್ಲಿ ರಾಜ್ಯೋತ್ಸವ. ಬಾವುಟ ಏರಿತು, ಮಕ್ಕಳು ಹಾಡಿದರು, ಮೈಕು ಎರಡು ಸಲ ಕಿರುಚಿತು. ಕೊನೆಗೆ "ಆದರ್ಶ ಮನೆರೈತ" ಪ್ರಶಸ್ತಿ. ಹಿಂದಿನ ಅಧ್ಯಕ್ಷರು ಮನೆ ಬದಲಾಯಿಸಿದ್ದರಿಂದ ಸಂಘದ ಅಧ್ಯಕ್ಷ ಸ್ಥಾನವೂ ಖಾಲಿಯಿತ್ತು, ಅದನ್ನೂ ಇವತ್ತೇ ಚಿಕ್ಕಬೈರಪ್ಪನವರಿಗೆ ಕೊಡುತ್ತಾರೆಂಬ ಸುದ್ದಿ ಗುಂಪಿನಲ್ಲಿ ಓಡಾಡಿತ್ತು. ಇಷ್ಟು ವರ್ಷ ಅದೇ ಪಾರ್ಕಿನಲ್ಲಿ ಓನರ್ ಅಂಕಲ್ ಎನಿಸಿಕೊಂಡಿದ್ದವರು ಇವತ್ತು ವೇದಿಕೆಯ ಮೇಲೆ, ರೈತರೆಂದು, ಕುರ್ಚಿಯಲ್ಲಿ. ಶಾಲು ಹೊದೆಸಿದಾಗ ಚಿಕ್ಕಬೈರಪ್ಪನವರ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಅದನ್ನು ಅಣಕಿಸಲು ನಮಗೆ ಮನಸ್ಸಿಲ್ಲ.

ಆಗಲೇ ಅಂಜನಾಪುರದ ಆಟೋ ಬಂದು ಗೇಟಿನ ಬಳಿ ನಿಂತಿತು. ಮಗಳ ಕೈ ಹಿಡಿದುಕೊಂಡು ಅಕ್ಕಯಮ್ಮ ಇಳಿದರು. ಬಸವಪ್ರಸಾದ್ ಮೈಕಿನಲ್ಲಿ, "ನೋಡಿ, ತಾಯಿಯೇ ಬಂದ್ರು. ಅವರ ಕೈಯಿಂದಲೇ ಮಗನಿಗೆ ತೆನೆ ಕೊಡ್ಸೋಣ" ಎಂದು ಘೋಷಿಸಿ, ಅವರನ್ನು ಮೆಲ್ಲಗೆ ವೇದಿಕೆಗೆ ಹತ್ತಿಸಿ, ಹೂವು ಹಾಕಿದ ತಟ್ಟೆಯನ್ನು ಕೈಗಿತ್ತರು.

ಅಕ್ಕಯಮ್ಮ ತಟ್ಟೆ ನೋಡಿದರು. "ಏನಪ್ಪ ಇದು?"

"ರಾಗಿ ಅಜ್ಜಿ. ನಿಮ್ಮ ಮನೆತನದ ರಾಗಿ."

ಅಕ್ಕಯಮ್ಮ ಒಂದು ತೆನೆ ತೆಗೆದು, ಎರಡೂ ಅಂಗೈ ನಡುವೆ ಉಜ್ಜಿ, ಉಫ್ ಎಂದು ಊದಿದರು. ಹೊಟ್ಟೆಲ್ಲ ಹಾರಿಹೋಯಿತು. ಅಂಗೈಯಲ್ಲಿ ಧೂಳಿನಂಥ ನಾಲ್ಕು ಕಾಳು ಬಿಟ್ಟು ಏನೂ ಉಳಿಯಲಿಲ್ಲ. "ಇದು ಕಾಡುರಾಗಿ ಕಣಪ್ಪ, ಕಳೆ. ಇದನ್ನ ಕಿತ್ತು ಕಿತ್ತೇ ನನ್ನ ಸೊಂಟ ಬಗ್ಗಿದ್ದು," ಎಂದರು. ಮೈಕು ಹತ್ತಿರದಲ್ಲೇ ಇತ್ತು.

ಹೆಸರಿಟ್ಟವರು ತಾವಾದ್ದರಿಂದ ಸಿದ್ದಲಿಂಗಯ್ಯನವರು ಮೊದಲು ಎದ್ದರು. "ಅಜ್ಜಿಗೆ ವಯಸ್ಸಾಯ್ತು. ಕಣ್ಣು ಮಂಜಾಗಿರುತ್ತೆ, ತಪ್ಪು ತಿಳೀಬೇಡಿ."

"ಮಂಜು ತೆಗೆಸ್ಕೊಂಡೇ ಬಂದಿರೋದು ಸ್ವಾಮಿ, ಎರಡೂ ಕಣ್ಣಿಂದು," ಎಂದರು ಅಕ್ಕಯಮ್ಮ. "ನೀವು ಅಂಗಿ ಗುಂಡಿ ಒಂದು ಮೇಲಕ್ಕೆ ಹಾಕ್ಕೊಂಡಿದೀರ. ಅದೂ ಕಾಣಿಸ್ತಾ ಇದೆ."

ಸಿದ್ದಲಿಂಗಯ್ಯನವರು ಗುಂಡಿ ಮುಟ್ಟಿ ನೋಡಿಕೊಂಡು, ದನಿ ತಗ್ಗಿಸಿ ಸಭೆಗೆ ಹೇಳಿದರು: "ಕಣ್ಣಲ್ಲ, ಮರೆವು. ಈ ವಯಸ್ಸಿನಲ್ಲಿ ಸಹಜ. ಅಲ್ವೇ ಚಿಕ್ಕಬೈರಪ್ಪನವರೇ?"

ಮುಂದಿನ ಸಾಲಿನ ಹೆಂಗಸರು ಅಯ್ಯೋ ಪಾಪ ಎಂದರು. ಎಲ್ಲರೂ ಚಿಕ್ಕಬೈರಪ್ಪನವರ ಕಡೆ ನೋಡಿದರು. ಹೌದು ಎಂದರೆ ಎಲ್ಲ ಉಳಿಯುತ್ತಿತ್ತು, ಶಾಲು, ಕುರ್ಚಿ, ಸಾರ್ ಎಂಬ ಎರಡಕ್ಷರ. ಇಲ್ಲಿ ನಿಜ ಹೇಳಲೇಬೇಕು, ಅವರ ತಲೆ ಅರ್ಧ ಆಡಿತು.

"ನಂಗೆ ಮರೆವೇನೋ ಮಗ?" ಎಂದು ಕೇಳಿದರು ಅಕ್ಕಯಮ್ಮ. ಕೋಪದಿಂದ ಕೇಳಲಿಲ್ಲ, ತಿಳಿದುಕೊಳ್ಳಲು ಕೇಳಿದ ಹಾಗೆ ಕೇಳಿದರು.

ಉಳಿದರ್ಧ ತಲೆ ಆಡಲಿಲ್ಲ. ಚಿಕ್ಕಬೈರಪ್ಪನವರು ಎದ್ದು ಬಂದು ಮೈಕು ಹಿಡಿದರು.

"ನಮ್ಮವ್ವ ಹೇಳಿದ್ದೇ ಸರಿ. ಇದು ಕಳೆ. ರಾಗಿ ಹುಟ್ಟಿತ್ತು, ನಾನೇ ಗೊತ್ತಾಗ್ದೆ ಅಷ್ಟನ್ನೂ ಕಿತ್ತುಬಿಟ್ಟೆ. ಅಜ್ಜನ ಕಾಲದ ಬೀಜ ಅಂದಿದ್ದು ಸುಳ್ಳು. ನಮ್ಮನೆ ಅಡುಗೆಮನೆ ಡಬ್ಬದ್ದು. ನಂಗೆ ಬೇಸಾಯ ಬರಲ್ಲ." ಇಷ್ಟು ಹೇಳಿ ಶಾಲು ತೆಗೆದು ಮೇಜಿನ ಮೇಲೆ ಇಟ್ಟರು. ಐವತ್ತೆಂಟು ವರ್ಷದಲ್ಲಿ ಅವರು ಇಷ್ಟು ನೆಟ್ಟಗೆ ಮಾತಾಡಿದ್ದು ಅದೇ ಮೊದಲು.

ಬಸವಪ್ರಸಾದ್ ಕಣ್ಣೊರೆಸಿಕೊಂಡು ಮೈಕು ಕಿತ್ತುಕೊಂಡರು.

"ಕೇಳಿದ್ರಾ? ಹೆತ್ತ ತಾಯಿ ಮಾತು ಸುಳ್ಳಾಗ್ಬಾರ್ದು ಅಂತ ಬೆವರು ಸುರಿಸಿ ಬೆಳೆದ ತನ್ನ ಬೆಳೇನೇ ಕಳೆ ಅಂದ್ಬಿಟ್ರಲ್ಲ. ಇಂಥ ಮಗ ಈ ಕಾಲದಲ್ಲಿ ಎಲ್ಲಿ ಸಿಗ್ತಾನೆ?"

ಚಪ್ಪಾಳೆ ಎಷ್ಟು ಜೋರಾಯಿತೆಂದರೆ ಕನಕಪುರ ರಸ್ತೆಯ ಬಸ್ ಸ್ಟಾಪಿನಲ್ಲಿದ್ದವರು ತಿರುಗಿ ನೋಡಿದರು. "ಅಲ್ಲ, ನಾನು ಹೇಳ್ತಿರೋದು ನಿಜ," ಎಂದು ಚಿಕ್ಕಬೈರಪ್ಪನವರು ಕೂಗಿದರು. "ವಿನಯ ನೋಡಿ, ವಿನಯ," ಎಂದರು ಸಿದ್ದಲಿಂಗಯ್ಯನವರು, ಪ್ರಾಣ ಬಂದವರಂತೆ. ತೆಗೆದಿಟ್ಟ ಶಾಲನ್ನು ಮತ್ತೆ ಹೊದೆಸಿದರು, ಅದರ ಮೇಲೆ ಇನ್ನೊಂದು ಹೊದೆಸಿದರು, ಅಧ್ಯಕ್ಷರೆಂದು ಘೋಷಿಸಿದರು. ಶ್ರೀದೇವಿ ಅಳುತ್ತಲೇ ರೆಕಾರ್ಡ್ ಮಾಡಿದಳು. ಅಕ್ಕಯಮ್ಮನವರಿಗೂ ಒಂದು ಹಾರ ಬಿತ್ತು. ಅವರು ಅದರ ಹೂವನ್ನು ಬೆರಳಲ್ಲಿ ಹಿಚುಕಿ ಪ್ಲಾಸ್ಟಿಕ್ ಎಂದು ಖಚಿತಪಡಿಸಿಕೊಂಡರು.

ಮರುದಿನ ಬೆಳಿಗ್ಗೆ ತಾಯಿಯನ್ನು ಜಗುಲಿಯಲ್ಲಿ ಕೂರಿಸಿ, ಚಿಕ್ಕಬೈರಪ್ಪನವರು ಪಂಚೆ ಎತ್ತಿ ಕಟ್ಟಿ ಮೂಲೆ ಜಾಗಕ್ಕೆ ಇಳಿದರು. "ಬೀಜ ಉದುರೋಕೆ ಮುಂಚೆ ಕಿತ್ಹಾಕು. ಉದುರಿದ್ರೆ ನಿನ್ನ ಮೊಮ್ಮಕ್ಕಳೂ ಕೀಳ್ತಿರ್ತಾರೆ," ಎಂದಿದ್ದರು ಅಕ್ಕಯಮ್ಮ. ನಾಲ್ಕು ಬುಡ ಕೀಳುವಷ್ಟರಲ್ಲಿ ವಾಕಿಂಗಿಗೆ ಬಂದವರು ನಿಂತರು. ಹತ್ತು ನಿಮಿಷದಲ್ಲಿ ಬಸವಪ್ರಸಾದ್ ಓಡಿಬಂದರು.

"ಸಾರ್, ಏನ್ ಮಾಡ್ತಿದೀರ? ತಾಯಿ ಮೇಲೆ ಪ್ರೀತಿ ಇರ್ಲಿ, ಆದ್ರೆ ತಳಿ ನಾಶ ಮಾಡ್ಬಾರ್ದು."

"ಇದು ನಮ್ಮನೆ ಜಾಗ ಕಣ್ರೀ."

"ಜಾಗ ನಿಮ್ದು. ತಳಿ ಬಡಾವಣೇದು. ನೀವೇ ಅಧ್ಯಕ್ಷರು, ನಿಮಗೆ ಗೊತ್ತಿಲ್ದೇ ಇರುತ್ತಾ?"

ಆ ದಿನವೇ ತುರ್ತು ಸಭೆ ನಡೆಯಿತು. ಅಧ್ಯಕ್ಷರು ಒಬ್ಬರೇ ವಿರೋಧಿಸಿದರು, ನಿರ್ಣಯ ಬಹುಮತದಿಂದ ಪಾಸಾಯಿತು. ಸಂಜೆ ಮೂಲೆ ಜಾಗದ ಸುತ್ತ ಮುಳ್ಳುತಂತಿ, ಮಧ್ಯದಲ್ಲಿ ಹಸಿರು ಬೋರ್ಡು: "ಸಂರಕ್ಷಿತ ನಾಟಿ ತಳಿ. ಯಾರೂ ಕೀಳಬಾರದು. ಮೀರಿದವರ ಮೇಲೆ ಕ್ರಮ ಜರುಗಿಸಲಾಗುವುದು. ಆಜ್ಞೆಯ ಮೇರೆಗೆ, ಚಿಕ್ಕಬೈರಪ್ಪ, ಅಧ್ಯಕ್ಷರು."

ಬೋರ್ಡು ನಿಲ್ಲಿಸಿದವರೆಲ್ಲ ಹೋದ ಮೇಲೆ ಚಿಕ್ಕಬೈರಪ್ಪನವರು ತಾಯಿಯ ಪಕ್ಕ ಜಗುಲಿಯಲ್ಲಿ ಕೂತರು. ತಂತಿಯಾಚೆ ತೆನೆಗಳು ಆಗಲೇ ಉದುರತೊಡಗಿದ್ದವು. "ಅವ್ವ, ನಿಜವಾದ ರಾಗಿ ಪೈರು ಹೆಂಗಿರುತ್ತೆ ಅಂತ ತೋರಿಸ್ಕೊಡು. ಇನ್ನೊಂದ್ಸಲ ತಪ್ಪು ಮಾಡಲ್ಲ," ಎಂದರು.

ಅಕ್ಕಯಮ್ಮ ಹೊಸ ಕಣ್ಣುಗಳಿಂದ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಂದನ್ನೂ ಬಿಡದೆ ಎಲ್ಲ ಕುಂಡಗಳಲ್ಲಿ ಕಾಡುರಾಗಿ ಮೊಳೆತು ನಿಂತಿತ್ತು.

"ತೋರಿಸೋಕೆ ಈ ಊರಲ್ಲಿ ಒಂದಾದ್ರೂ ಉಳಿಸಿದೀರೇನಪ್ಪ?" ಎಂದರು.